ಯಾರು ಯಾರನ್ನು ಹಿಡಿದಿದ್ದರು

ನನ್ನ ಗಂಡ ಫಿದೆನ್ಸಿಯೊ ವೆರಾಕ್ರೂಸ್ ಬಂದರಿನಲ್ಲಿ ನಲವತ್ತು ವರ್ಷ ಹಡಗಿನ ಹಗ್ಗ ಕಟ್ಟಿದ. ಮಾತು ಕಡಿಮೆ. ಶನಿವಾರ ಸಂಜೆ ಬಿಳಿ ಅಂಗಿ ತೊಟ್ಟು ನನ್ನೊಡನೆ ಚೌಕದಲ್ಲಿ ದಾನ್ಸೋನ್ ಕುಣಿಯುತ್ತಿದ್ದ. ಅದು ಜೋಡಿ ಕುಣಿತ, ಹಾರಾಡುವಂಥದ್ದಲ್ಲ. ಒಂದು ಇಟ್ಟಿಗೆಯಗಲ ಜಾಗ ಸಾಕು. ನಡುನಡುವೆ ವಾದ್ಯ ನುಡಿಯುತ್ತಿದ್ದರೂ ಎಲ್ಲರೂ ನಿಂತು ಬೀಸಣಿಗೆ ಬೀಸಿಕೊಳ್ಳುತ್ತೇವೆ. ಆ ಬಿಡುವಿನಲ್ಲಿ ನಾನು ಹೆಂಗಸರಿಗೆ ಹೇಳುತ್ತಿದ್ದೆ, "ಕೈ ಬಿಟ್ರೆ ಈ ಮುದುಕ ಮಗುಚ್ಕೊಂಡ್ ಬೀಳ್ತಾನೆ ಕಣ್ರೇ. ನಾನಿದೀನಿ ಅಂತ ನಿಂತಿದಾನೆ." ಅವನು ನಗುತ್ತಿದ್ದ. ಹತ್ತು ವರ್ಷ ಇದನ್ನೇ ಹೇಳಿದೆ.

ಮಾರ್ಚ್ ತಿಂಗಳಲ್ಲಿ ಅವನು ಹೋದ. ಎದೆನೋವು. ಕುರ್ಚಿಯಲ್ಲಿ ಕೂತೇ ಹೋದ.

ಮೇ ತಿಂಗಳಲ್ಲಿ ಬಿದ್ದವಳು ನಾನು. ಅಡುಗೆಮನೆಯ ಸಮನೆಲದಲ್ಲಿ, ಬರಿಗೈಯಲ್ಲಿ. ಜೂನ್‌ನಲ್ಲಿ ಮತ್ತೆ ಬಿದ್ದೆ. ಆಸ್ಪತ್ರೆಯ ನರ್ಸ್ ಯಾಸ್ಮಿನ್ ಒಂಟಿ ಕಾಲಲ್ಲಿ ನಿಲ್ಲಿಸಿದಳು. ಎರಡು ಎಣಿಸುವಷ್ಟರಲ್ಲಿ ಅವಳ ಕೊರಳಿಗೆ ಜೋತುಬಿದ್ದೆ.

"ಚೋನಾ ಅಮ್ಮಾ, ಎಷ್ಟು ವರ್ಷದಿಂದ ಹೀಗೆ?"

"ಹೀಗೇನೂ ಇಲ್ಲ. ನಿನ್ನ ನೆಲ ಸರಿ ಇಲ್ಲ."

"ಇನ್ನೊಂದ್ಸಲ ಬಿದ್ರೆ ಸೊಂಟ ಮುರಿಯುತ್ತೆ. ಕೋಲು ಹಿಡ್ಕೊಳ್ಳಿ. ದಿನಾ ಅಡುಗೆ ಕಟ್ಟೆ ಹಿಡ್ಕೊಂಡು ಒಂದೊಂದೇ ಕಾಲ್ಮೇಲೆ ನಿಂತು ರೂಢಿ ಮಾಡಿ. ಕುಣಿಯೋದು ಬಿಡ್ಬೇಡಿ, ಅದೂ ಒಳ್ಳೇದೇ."

ಕೋಲೂರಿಕೊಂಡು ಚೌಕಕ್ಕೆ ಹೋಗುವುದೇ? ಅಷ್ಟು ಜನರ ಮುಂದೆ ಜಂಬ ಕೊಚ್ಚಿದವಳು. ಕೋಲನ್ನು ಬಾಗಿಲ ಹಿಂದಿಟ್ಟು ಗೋಡೆ ಹಿಡಿದು ಓಡಾಡಿದೆ. ಕುಣಿತ ಬಿಟ್ಟೆ.

ಒಂದು ದಿನ ನನ್ನ ಗಂಡನ ಗೆಳೆಯ ಉಬಾಲ್ದೊ ಬಂದ.

"ಯಾಕೆ ಚೋನಾ, ಚೌಕದ ಕಡೆ ತಲೇನೇ ಹಾಕ್ತಿಲ್ಲ?"

"ಜೊತೆ ಇಲ್ಲ."

"ಬೀಳ್ತಿದೀಯಾ?"

ನಾನು ಗೋಡೆ ಹಿಡಿದು ಕಾಫಿ ತರಲು ಎದ್ದೆ.

"ಫಿದೆನ್ಸಿಯೊ ಹೇಳಿದ್ದ. ತಿರುಗೋವಾಗ ವಾಲ್ತಾಳೆ, ಅದಕ್ಕೇ ಬೆನ್ನಿಗೆ ಕೈ ಒತ್ತಿ ಹಿಡೀತೀನಿ ಅಂತ. 'ಅವಳ ಹತ್ರ ಬಾಯ್ಬಿಡ್ಬೇಡ, ಮೂರು ದಿನ ಅನ್ನ ಹಾಕಲ್ಲ' ಅಂದಿದ್ದ."

ಮುದುಕ ನನ್ನ ಮೇಲೆ ಭಾರ ಬಿಡುತ್ತಾನೆಂದು ಆ ಕೈಯನ್ನು ಎಷ್ಟು ಸಲ ಗದರಿದ್ದೆ. ಅವನ ಮಣ್ಣಿನ ದಿನವೂ ನಾನು ಇಷ್ಟು ಅತ್ತಿರಲಿಲ್ಲ. ದಡ್ಡಿಗೆ ಅಳು ಕೂಡ ತಡವಾಗಿಯೇ ಬರುತ್ತದೆ.

ಶನಿವಾರ ಕೋಲೂರಿಕೊಂಡು ಹೋದೆ. ಬಿಡುವಿನಲ್ಲಿ ಹೆಂಗಸರೆಲ್ಲ ಕೋಲನ್ನೇ ನೋಡಿದರು.

"ಬೀಳ್ತಿದ್ದೋಳು ನಾನು," ಅಂದೆ. "ಅವನೇ ಹಿಡ್ಕೊಂಡಿದ್ದ."

"ಅದೇನ್ ಹೊಸ ಸುದ್ದಿ," ಅಂದಳು ಮೀನು ಮಾರುವ ತೋಮಾಸಾ. "ಇಡೀ ಚೌಕಕ್ಕೆ ಕಾಣ್ತಿತ್ತು."

ಕೋಲನ್ನು ಅವಳ ಕೈಗೇ ಕೊಟ್ಟು ಉಬಾಲ್ದೊ ಜೊತೆ ನಿಂತೆ. ಎರಡು ಸಲ ಅವನ ಕಾಲು ತುಳಿದೆ. ಬೀಳಲಿಲ್ಲ.