ತುಂಬಿ ಮರಳಿದ ಬುತ್ತಿ

ಬುತ್ತಿ ಡಬ್ಬಿಯ ಮುಚ್ಚಳಕ್ಕೂ ಒಂದು ದನಿಯಿದೆ ಎಂಬುದು, ಗೆಳೆಯರೇ, ಲಿಂಗಂಪಲ್ಲಿಯ ವಠಾರಕ್ಕೆ ಬಂದ ಮೇಲೆ ನನಗೆ ತಿಳಿದದ್ದು. ದೀಪ ಹಚ್ಚುವ ಹೊತ್ತಿಗೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಬಸ್ಸು ನಮ್ಮ ಓಣಿಯ ತಿರುವಿಗೆ ಬರುತ್ತಿತ್ತು. ಕಣ್ಣಿಗೆ ಬೀಳುವ ಮೊದಲೇ ಅದು ಕಿವಿಗೆ ಬೀಳುತ್ತಿತ್ತು. ಒಳಗೆ ಕೂತ ಹೆಂಗಸರು ಖಾಲಿ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಚಮಚದಿಂದ ತಾಳ ಹಾಕುತ್ತ, ತೆಲುಗು ಹಾಡಿಗೆ ಕನ್ನಡದ ಸೊಲ್ಲು ಸೇರಿಸಿ ನಗುತ್ತ ಬರುವುದು ಅಲ್ಲಿಯ ರೂಢಿ. ಅದೇ ರಸ್ತೆಯಲ್ಲಿ, ಹೊಸದಾಗಿ ಎದ್ದ ಗಾಜಿನ ಗೋಪುರಗಳ ಕಡೆಯಿಂದ, ಸಾಫ್ಟ್‌ವೇರ್ ಕಂಪನಿಗಳ ತಂಪು ಬಸ್ಸುಗಳು ಸದ್ದಿಲ್ಲದೆ ಜಾರಿಹೋಗುತ್ತಿದ್ದವು. ಆ ವರ್ಷಗಳಲ್ಲಿ ನಾನು ದುಡಿಯುತ್ತಿದ್ದ ಕನ್ನಡ ಪತ್ರಿಕೆಯ ತುಂಬ ಆ ಗೋಪುರಗಳದೇ ಸುದ್ದಿ.

ನಾನು ಪತ್ರಿಕೆಯ ಪುರವಣಿ ವಿಭಾಗದಲ್ಲಿ ಹಗಲು ಪಾಳಿಯವನು. ಭಾನುವಾರ ಬೆಳಿಗ್ಗೆ ನಾರಾಯಣಗೂಡದ ಕೋಚಿಂಗ್ ಕೇಂದ್ರವೊಂದರಲ್ಲಿ ಜಗತ್ತಿನ ಇತಿಹಾಸ ಹೇಳುತ್ತಿದ್ದೆ. ರಷ್ಯಾದ ಕ್ರಾಂತಿಯ ಪಾಠ ಶುರುವಾದ ದಿನ ರಾಯಚೂರಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ, ಕಾರಣ ಎಷ್ಟು ಬರೀಬೇಕ್ರಿ? ಐದು ಸಾಕೇನ್ರಿ?”

“ಆರು ಬರದ್ರ ಅರಸ ಮತ್ತೊಮ್ಮೆ ಬೀಳ್ತಾನೇನ ನಿಂಗ?” ಎಂದು ಪಕ್ಕದವಳು ಅವಳ ಲಂಗದ ಚುಂಗು ಹಿಡಿದು ಕೂರಿಸಿದಳು. ತರಗತಿ ನಕ್ಕಿತು, ನಾನೂ ನಕ್ಕು ಐದನ್ನೇ ಬರೆಸಿದೆ. ಸೋಲುತ್ತಿದ್ದ ಯುದ್ಧ, ತುಟ್ಟಿಯಾದ ರೊಟ್ಟಿ, ಕಿವುಡು ಅರಸ ಎಂದು ಬರೆಸುತ್ತ ಹೋದಂತೆ ನನ್ನ ಮನಸ್ಸು ಬೇರೆಲ್ಲೋ ಸಿಕ್ಕಿಕೊಂಡಿತು. ಈ ಕಾರಣಗಳೆಲ್ಲ ಹಿಂದಿನ ದಿನವೂ ಇದ್ದವಲ್ಲ, ಹಿಂದಿನ ಚಳಿಗಾಲದಲ್ಲೂ ಇದ್ದವಲ್ಲ! ಹಿಮದಲ್ಲಿ ರೊಟ್ಟಿಯ ಸಾಲಿನಲ್ಲಿ ನಿಂತಿದ್ದ ತಾಯಂದಿರು ಅಷ್ಟು ದಿನ ಸುಮ್ಮನೆ ಮನೆಗೆ ಮರಳಿದವರು, ಗಿರಣಿಯ ಹೆಂಗಸರು ಅಷ್ಟು ದಿನ ಸುಮ್ಮನೆ ಮಗ್ಗದ ಮುಂದೆ ನಿಂತವರು, ಆ ಒಂದು ಬೆಳಿಗ್ಗೆಯೇ ಏಕೆ ಬೀದಿಗೆ ಹೊರಳಿದರು? ಹುಲ್ಲು ಒಣಗಿದ್ದನ್ನು ಪಠ್ಯ ಹೇಳುತ್ತದೆ, ಕಿಡಿಯ ಹೆಸರನ್ನೂ ಹೇಳುತ್ತದೆ. ಗಾಳಿ ನಿಂತ ಆ ಗಳಿಗೆಯನ್ನು ಮಾತ್ರ ಹೇಳುವುದಿಲ್ಲ.

ಆ ವಾರವೇ ಒಂದು ಸಂಜೆ ಬಸ್ಸು ಸದ್ದಿಲ್ಲದೆ ಬಂತು. ತಾಳವಿಲ್ಲ, ಹಾಡಿಲ್ಲ. ಹೆಂಗಸರು ಡಬ್ಬಿಯನ್ನು ಎದೆಗವಚಿಕೊಂಡು ಒಬ್ಬರ ಹಿಂದೊಬ್ಬರು ಇಳಿದರು. ಕೂಸನ್ನು ಹಿಡಿದ ಹಾಗೆ ಹಿಡಿದಿದ್ದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಯಾರೋ ಸತ್ತಿರಬೇಕು ಎಂದುಕೊಂಡೆ. ಆದರೆ ಸಾವಿನ ಮನೆಯಲ್ಲೂ ಇದಕ್ಕಿಂತ ಹೆಚ್ಚು ಸದ್ದಿರುತ್ತದೆ.

ವಠಾರದ ಹಿಂದಿನ ಖೋಲಿಯ ಸಿದ್ದಮ್ಮ ಅದೇ ಕಾರ್ಖಾನೆಯಲ್ಲಿ ಗುಳಿಗೆ ಕಟ್ಟುವ ಕೆಲಸದವಳು, ಲಿಂಗಸುಗೂರಿನ ಕಡೆಯವಳು. ಹೊಸ್ತಿಲ ಮೇಲೆ ಕೂತು ಬೆಳಗಿನ ರೊಟ್ಟಿಯನ್ನೇ ಮುರಿದು ಉಣ್ಣುತ್ತಿದ್ದಳು.

“ಯಾಕ ಸಿದ್ದಮ್ಮಾ, ಸಪ್ಪಳನ ಇಲ್ಲ?”

“ತುಂಬಿದ ಡಬ್ಬಿ ಸಪ್ಪಳ ಮಾಡ್ತಾವೇನ್ರಿ ಅಣ್ಣಾರ?” ಎಂದಳು. ಆಮೇಲೆ ದನಿ ತಗ್ಗಿಸಿದಳು. “ನಮ್ಮ ನಾದಿನಿ ಮಾದೇವಿ ಔಷಧಿ ಪುಡಿ ಮಾಡೋ ಖೋಲ್ಯಾಗ ಕಣ್ಣು ಕತ್ತಲಿಟ್ಟು ಬಿದ್ಲುರಿ. ಗಾಳಿ ಎಳಿಯೋ ಫ್ಯಾನ್ ಕೆಟ್ಟು ಭಾಳ ದಿನ ಆಗಿತ್ತು. ಸೂಪರ್‌ವೈಜರ್ ಏನಂದ ಗೊತ್ತೇನ್ರಿ? ಉಪಾಸ ಬರ್ತಾರ, ಬೀಳ್ತಾರ, ಮನ್ಯಾಗ ಕೂಳಿಲ್ಲದವ್ರು ನಮಗ ಬ್ಯಾಡ ಅಂದ. ಈಗ ಆಕೀನ್ನ ಒಳಗ ಬಿಡವಲ್ರು.”

“ಅದಕ್ಕ?”

“ಅದಕ್ಕ ಏನಿಲ್ಲರಿ. ಉಣ್ಣದ ಹಂಗ ಹೊಳ್ಳಿ ತರ್ತೀವಿ. ಗುಳಿಗಿ ಕದ್ದೀವೇನಂತ ಗೇಟಿನ್ಯಾಗ ದಿನಾ ಮುಚ್ಚಳ ತಗದು ನೋಡ್ತಾರಲ್ಲ, ನೋಡ್ಲಿ. ಕೂಳು ಐತಿ.”

“ಹಿಂಗ ಮಾಡ್ರಿ ಅಂತ ಹೇಳಿದವ್ರು ಯಾರು?”

ಅವಳು ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. “ಯಾರೂ ಹೇಳಿಲ್ಲರಿ. ಆವತ್ತ ನಾ ಡಬ್ಬಿ ತಗೀಲಿಲ್ಲ. ಮಗ್ಗಲ್ದಾಕಿ ನನ್ನ ನೋಡಿದ್ಲು, ಆಕೀನೂ ತಗೀಲಿಲ್ಲ. ಹಂಗ ಹೋತು.” ಮತ್ತೊಂದು ತುತ್ತು ಮುರಿದು ಸೇರಿಸಿದಳು: “ಒಂದ ಅಂಜಿಕಿ ನೋಡ್ರಿ. ನಮ್ಮಾಗ ಒಬ್ಬಾಕಿ ಹಸದು ಬಿದ್ಲಂದ್ರ ಅವ ಅಂದದ್ದ ಖರೆ ಆಗತೈತಿ. ಮಾದೇವಿ ಕೆಲಸಾನೂ ಹೋತು, ನಮ್ದೂ ಹೋತು.”

ಆ ದಿನಗಳಲ್ಲಿ ಬೆಳಗಾಗುವ ಮುನ್ನವೇ ಓಣಿಯ ಎಲ್ಲ ಒಲೆಗಳೂ ಒಟ್ಟಿಗೆ ಹೊತ್ತುತ್ತಿದ್ದವು. ಬೀಳಬಾರದೆಂದು ಅವರು ಹೊಟ್ಟೆ ಬಿರಿಯೆ ಉಂಡು ಹೊರಡುತ್ತಿದ್ದರು. ಸಂಜೆ ಅದೇ ಒಲೆಗಳ ಮುಂದೆ ಹಳಸಲು ಬಂದ ಪಲ್ಯದ ಹುಳಿ ವಾಸನೆ. ಪ್ರತಿ ಹೊಸ್ತಿಲ ಮೇಲೂ ಒಬ್ಬಳು ಮಾತಿಲ್ಲದೆ ಉಣ್ಣುತ್ತಿದ್ದಳು. ಅವರ ನಡುವೆ ನಡೆದು ಮನೆ ಸೇರುವಾಗ ನನ್ನ ಚಪ್ಪಲಿಯ ಸದ್ದು ನನಗೇ ಜೋರೆನಿಸುತ್ತಿತ್ತು.

ಕಚೇರಿಯಲ್ಲಿ ಮೈಸೂರು ಕಡೆಯ ನಮ್ಮ ಮುಖ್ಯ ವರದಿಗಾರರಿಗೆ ಹೇಳಿದೆ. ಅವರು ಪೆನ್ನಿನ ಟೋಪಿ ತೆಗೆದು ಕೇಳಿದರು: “ಲೀಡರ್ ಯಾರಪ್ಪ? ಡಿಮ್ಯಾಂಡ್ ಏನು? ಘೋಷಣೆ ಏನಾದ್ರೂ ಕೂಗಿದ್ರಾ?” ಮೂರಕ್ಕೂ ಇಲ್ಲವೆಂದೆ. ಟೋಪಿ ಮತ್ತೆ ಪೆನ್ನಿಗೇರಿತು. “ಹಾಗಾದ್ರೆ ಏನೂ ಆಗಿಲ್ವಲ್ಲೋ ಮಾರಾಯ. ಆದಾಗ ಹೇಳು.” ವೃತ್ತಿಯ ಶಿಸ್ತಿಗೆ ಅವರ ಮಾತು ಸರಿಯಾಗಿಯೇ ಇತ್ತು. ಆಗಿದ್ದನ್ನು ಬರೆಯುವುದು ನಮ್ಮ ಕಸುಬು. ಆಗದೆ ನಿಂತಿರುವುದಕ್ಕೆ ನಮ್ಮಲ್ಲಿ ಶೀರ್ಷಿಕೆಯಿಲ್ಲ.

ಮುಂದಿನ ಭಾನುವಾರದ ಪಾಠ ಅದೇ ರಷ್ಯಾದ ಅರಸನ ಕುದುರೆ ಸವಾರ ಸೈನಿಕರದ್ದು. ಹೆಂಗಸರ ಗುಂಪನ್ನು ಚದುರಿಸಲು ಬಂದವರು ಚಾವಟಿ ಎತ್ತದೆ, ಅವರ ನಡುವೆಯೇ ಒಬ್ಬೊಬ್ಬರಾಗಿ ಹಾದುಹೋದರಂತೆ; ಒಬ್ಬಾತ ಕಣ್ಣು ಮಿಟುಕಿಸಿದನಂತೆ. ಅರಮನೆಗೆ ಆ ಸುದ್ದಿ ತಲುಪಿದ್ದರೂ ಅಲ್ಲಿಯವರು ಅದನ್ನು ಏನೂ ಆಗಿಲ್ಲ ಎಂದೇ ಓದಿಕೊಳ್ಳುತ್ತಿದ್ದರೇನೋ. ಸಿಂಹಾಸನ ಬಿದ್ದದ್ದು ಆಮೇಲೆ. ಅದು ಬಿರುಕು ಬಿಟ್ಟದ್ದು, ಕಾಯಬೇಕಾದವನು ಕಣ್ಣು ಮಿಟುಕಿಸಿದಾಗ.

ಮಾರನೆಯ ಸಂಜೆ ಸಿದ್ದಮ್ಮ ತಾನಾಗಿಯೇ ನನ್ನ ಬಾಗಿಲಿಗೆ ಬಂದಳು.

“ಅಣ್ಣಾರ, ಇವತ್ತ ವಾಚಮನ್ ಮುಚ್ಚಳಾನ ತಗೀಲಿಲ್ಲರಿ. ನಾವು ಡಬ್ಬಿ ಚಾಚಿದಿವಿ. ಅವ ಆಕಡಿ ಮಾರಿ ಮಾಡಿ, ಹೋಗ್ರವ್ವಾ ಅಂದ.”

ಬೇಸಿಗೆಯ ಸಂಜೆಯಲ್ಲಿ ನನ್ನ ಕಣ್ಣ ಮುಂದೆ ಹಿಮದ ಬೀದಿಯ ಆ ಕುದುರೆ ಸವಾರ ಹಾದುಹೋದ.

ಪತ್ರಿಕೆಯ ಲೆಕ್ಕದಲ್ಲಿ ಏನೂ ನಡೆಯಲಿಲ್ಲ. ಒಂದೆರಡು ದಿನದಲ್ಲಿ ಫ್ಯಾನು ತಿರುಗಿತು, ಮಾದೇವಿಯನ್ನು ಕರೆಸಿಕೊಂಡರು. ಯಾರೂ ಗೆದ್ದೆವೆನ್ನಲಿಲ್ಲ, ಯಾರೂ ಸೋತೆವೆನ್ನಲಿಲ್ಲ, ಯಾವ ಪತ್ರಿಕೆಯೂ ಬರೆಯಲಿಲ್ಲ. ಬಸ್ಸು ಮತ್ತೆ ತಾಳ ಹಾಕುತ್ತ ಬಂತು. ಗೇಟಿನಲ್ಲಿ ತಪಾಸಣೆಯೂ ಮತ್ತೆ ಶುರುವಾಗಿದೆ ಎಂದು ಸಿದ್ದಮ್ಮನೇ ಹೇಳಿದಳು.

“ಈಗ ಡಬ್ಬಿ ಖಾಲಿನ ಇರ್ತಾವರಿ. ಆದ್ರೂ ಮುಚ್ಚಳ ತಗಿಯೋ ಮುಂದ ವಾಚಮನ್ ಒಂದ ಗಳಿಗಿ ಉಸಿರು ಹಿಡೀತಾನ” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ನಾನು ಕಿಟಕಿಯ ಬಳಿ ನಿಲ್ಲುತ್ತೇನೆ. ಮುಚ್ಚಳಗಳ ತಾಳ ತಿರುವಿನಲ್ಲಿ ಕೇಳಿಸಿದರೆ ಉಸಿರು ಬಿಡುತ್ತೇನೆ. ಅದರ ಬೆನ್ನಿಗೇ ಗಾಜು ಮುಚ್ಚಿದ ತಂಪು ಬಸ್ಸುಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಒಳಗೆ ಸಾಲಾಗಿ ಕೂತ ಮುಖಗಳು, ತೊಡೆಯ ಮೇಲೆ ಚೀಲಗಳು. ಅವು ಮೊದಲಿನಿಂದಲೂ ಸದ್ದಿಲ್ಲದೆಯೇ ಬರುತ್ತವೆ; ಆ ಚೀಲಗಳೊಳಗಿನ ಡಬ್ಬಿ ತುಂಬಿದೆಯೋ ಖಾಲಿಯೋ ಎಂದು ಯಾರೂ ಮುಚ್ಚಳ ತೆಗೆದು ನೋಡಿಲ್ಲ.