ಬನ್ನಿ ನೆಟ್ಟ ಬದು

ಕಮಲಾಪುರದ ನಮ್ಮ ಹೊಲದ ಒಂದು ತುದಿಗೆ ಗುಡ್ಡ, ಇನ್ನೊಂದು ತುದಿಗೆ ಹಳ್ಳ. ನಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಉದ್ದಕ್ಕೂ ಒಂದು ಬದು. ನಾನು ಚಿಕ್ಕವಳಿದ್ದಾಗ ಅದರ ತುಂಬ ಬಾರಿ ಕಂಟಿ, ಕಾರಿ ಕಂಟಿ, ಎಲ್ಲ ಮುಳ್ಳಿನ ಪೊದೆ. ಬೇಸಿಗೆಯಲ್ಲಿ ಗುಡ್ಡದ ಕೌಜುಗಗಳು ಮರಿಗಳನ್ನು ಕಟ್ಟಿಕೊಂಡು ಆ ಮರೆಯಲ್ಲೇ ನೀರಿಗಿಳಿಯುತ್ತಿದ್ದವು. ಕೌಜುಗಕ್ಕೆ ಹಾರುವುದಕ್ಕಿಂತ ನಡಿಗೆಯೇ ಹೆಚ್ಚು. ಬಯಲಿಗೆ ಬಿದ್ದರೆ ಗಿಡುಗನ ಬಾಯಿಗೆ.

ಎಂಬತ್ತರ ದಶಕದ ಕೊನೆಗೆ ಟ್ರ್ಯಾಕ್ಟರ್ ಬಂತು. ಕಂಟಿಯೆಲ್ಲ ಹೋಗಿ ಬದು ಬೋಳಾಯಿತು, ಹಳ್ಳದ ಕಡೆ ಕೌಜುಗದ ಸದ್ದೇ ಅಡಗಿತು. ಅಪ್ಪನ ನಂತರ ಹೊಲ ನನ್ನ ಪಾಲಿಗೆ ಬಂದಾಗ ಒಂದೇ ಹುಚ್ಚು ಹಿಡಿಯಿತು: ಗುಡ್ಡದಿಂದ ಹಳ್ಳದವರೆಗೆ ಆ ಮರೆಯನ್ನು ಮತ್ತೆ ಬೆಳೆಸಬೇಕು. ಬದು ಇಬ್ಬರದು, ಪಕ್ಕದ ಹೊಲದವರು ಒಪ್ಪದೆ ಒಂದು ಕಡ್ಡಿ ಊರುವಂತಿಲ್ಲ.

"ಹಕ್ಕಿಗಿ ರಸ್ತಾ ಮಾಡಾಕತ್ತೀರೇನ್ರಿ ಅಕ್ಕಾರ? ಮಂದಿಗೇ ರಸ್ತಾ ಇಲ್ಲ ಇಲ್ಲಿ," ಎಂದು, ಕೇಳಲು ಹೋದಾಗ ಅವರು ನಕ್ಕರು. ಆಮೇಲೆ, "ಜಾಲಿ, ಬಾರಿ ಬ್ಯಾಡ್ರಿ. ಬನ್ನಿ ಹಚ್ರಿ. ದೇವರ ಗಿಡ, ನಾ ಒಲ್ಲೆ ಅನ್ನಂಗಿಲ್ಲ," ಎಂದರು.

ನನಗೆ ಸ್ವರ್ಗವೇ ಸಿಕ್ಕಂತಾಯಿತು. ಬನ್ನಿಗೆ ನಮ್ಮಲ್ಲಿ ಯಾರೂ ಕೊಡಲಿ ಹಾಕುವುದಿಲ್ಲ. ಬುಡದಲ್ಲಿ ಹುಲ್ಲು, ಕಂಟಿ ತಾವಾಗಿಯೇ ಬರುತ್ತವೆ. ಬದುವಿನುದ್ದಕ್ಕೂ ಸಸಿ ನೆಟ್ಟೆ. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಮನೆಯಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ನೀರು ಹಾಕಿದೆ. ಮನೆಯವರು ನನ್ನನ್ನು ಬದುವಿನ ಸೊಸೆ ಎಂದು ಕಾಡಿಸುತ್ತಿದ್ದರು. ಬನ್ನಿ ಬೆಳೆಯುವುದು ಬಲು ನಿಧಾನ. ಕೆಲವು ವರ್ಷಕ್ಕೆ ಸೊಂಟದೆತ್ತರ ಬಂದವು.

ಆ ದಸರೆಯ ಸಂಜೆ ಪಕ್ಕದ ಹೊಲದವರು ಹೊಸ ಬಟ್ಟೆ ಉಟ್ಟು ಕಲಬುರಗಿಯ ಮನೆಗೇ ಬಂದರು. ಚೀಲದಿಂದ ಹಸಿ ಎಲೆ ತೆಗೆದು ನನ್ನ ಕೈಗಿಟ್ಟರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ. ಈ ಸಲ ದೂರ ಹೋಗಲಿಲ್ಲ ನೋಡ್ರಿ, ನಮ್ಮ ಬದುವಿನಾಗೇ ಸಿಕ್ತು. ಊರಿಗೆಲ್ಲ ಸಾಕಾತು."

ಸಿಟ್ಟು ನೆತ್ತಿಗೇರಿತು. ಆದರೆ ಬನ್ನಿ ಕೊಟ್ಟವರನ್ನು ಬೈಯುವುದು ಹೇಗೆ? ಎಲೆಯನ್ನು ಕಣ್ಣಿಗೊತ್ತಿಕೊಂಡೆ.

ಮರುದಿನ ಹೋಗಿ ನೋಡಿದರೆ ಮೊಣಕಾಲೆತ್ತರದ ಮೋಟುಗಳು. ಒಂದೊಂದರ ಬುಡಕ್ಕೂ ಅರಿಸಿನ ಕುಂಕುಮ. "ಪೂಜಾ ಮಾಡೇ ಮುರದೇವ್ರಿ," ಎಂದರು ಪಕ್ಕದ ಹೊಲದವರು, ಒಂದಿಷ್ಟೂ ಕಪಟವಿಲ್ಲದೆ.

ಬನ್ನಿ ಸಾಯಲಿಲ್ಲ. ಪ್ರತಿ ಬೇಸಿಗೆಗೆ ಚಿಗುರಿತು, ಪ್ರತಿ ದಸರೆಗೆ ಮುರಿಯಿತು. ಮುರಿಯಬೇಡಿರೆಂದು ಕೇಳಿಯೂ ನೋಡಿದೆ. ಬಂಗಾರ ಹಂಚಬೇಡಿ ಎನ್ನುವ ಹೆಂಗಸು ಎಂಬ ಹೆಸರು ಬಂತು, ಅಷ್ಟೇ. ಬೇಸಿಗೆಯ ಬೆಳಗ್ಗೆ ಗುಡ್ಡದ ಮೇಲೆ ಒಂಟಿ ಕೌಜುಗ ಕೂಗುವುದು ಇನ್ನೂ ಕೆಲವು ವರ್ಷ ಕೇಳುತ್ತಿತ್ತು. ಕೆಳಗೆ ಇಳಿಯಲಿಲ್ಲ. ದಸರೆಯ ಸಂಜೆ ಅವರು ಮಾತ್ರ ತಪ್ಪದೆ ಬರುತ್ತಿದ್ದರು. ನಾನು ಎರಡೂ ಕೈ ಒಡ್ಡುತ್ತಿದ್ದೆ.