ಮೇಲಿನ ಸ್ವರ ಮೇಷ್ಟ್ರದು

ಅಂಗಡಿಯ ಅಟ್ಟ ಖಾಲಿ ಮಾಡಿಸುವಾಗ ಹಳೆಯ ಪಂಪಿನ ಡಬ್ಬದೊಳಗಿಂದ ಒಂದು ವಿಡಿಯೋ ಕ್ಯಾಸೆಟ್ಟು ಸಿಕ್ಕಿತು. ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಬೂಷ್ಟು ಹಿಡಿದ ಟೇಪಿನ ವಾಸನೆ. ಏಣಿಯ ಮೇಲೆ ನಿಂತವನು ಹಾಗೇ ನಿಂತುಬಿಟ್ಟೆ. ಕೆಳಗಿನಿಂದ ಮಗಳು, “ಅಪ್ಪಾ, ಏನ್ ಸಿಕ್ತು?” ಎಂದಳು. “ಏನಿಲ್ಲ, ಹಳೇ ಸಾಮಾನು” ಎಂದೆ. ಮುಖಕ್ಕೆ ಬಿಸಿ ಏರಿದ್ದು ಪುಣ್ಯಕ್ಕೆ ಅವಳಿಗೆ ಕಾಣಲಿಲ್ಲ.

ಮನೆಯಲ್ಲಿ ಇಂಥ ಕ್ಯಾಸೆಟ್ಟು ಇಟ್ಟುಕೊಂಡಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನುಸಿಗುಳಿಗೆ ರೇಷ್ಮೆ ಸೀರೆಗೆ ಸರಿ, ಟೇಪಿಗಲ್ಲ. ಗಾಳಿಯಾಡುವ ಕಡೆ ನಿಲ್ಲಿಸಿ ಇಡಬೇಕು, ಆಗಾಗ ಹಾಕಿ ಓಡಿಸಬೇಕು. ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ನಾನು ಅದನ್ನು ಅಟ್ಟಕ್ಕೆ ಹಾಕಿದ್ದು ಉಳಿಯಲಿ ಎಂದಲ್ಲ, ಯಾರ ಕೈಗೂ ಸಿಗದಿರಲಿ ಎಂದು...

ಮೇಷ್ಟ್ರು ಕುಣಿಗಲ್‌ನವರು. ಶಾಲೆಯ ಮೇಷ್ಟ್ರಲ್ಲ, ಹಾರ್ಮೋನಿಯಂ ಮೇಷ್ಟ್ರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಯಾವ ಹಳ್ಳಿಯವರು ಪೌರಾಣಿಕ ನಾಟಕ ಆಡಿದರೂ ಹಾಡು, ಮಾತು, ಹೆಜ್ಜೆ ಎಲ್ಲವನ್ನೂ ಕಲಿಸಲು ಇಂಥವರೊಬ್ಬರು ಬೇಕೇ ಬೇಕಿತ್ತು. ತಿಂಗಳುಗಟ್ಟಲೆ ಊರಲ್ಲೇ ಉಳಿದು, ದಿನಕ್ಕೊಬ್ಬ ಪಾತ್ರಧಾರಿಯ ಮನೆಯಲ್ಲಿ ಉಂಡು, ಹಗಲೆಲ್ಲ ತೋಟದಲ್ಲಿ ಕೂಗಾಡಿ ಬಂದವರ ಗಂಟಲಿಗೆ ರಾಗ ಹತ್ತಿಸುತ್ತಿದ್ದರು. ನಾಟಕದ ದಿನ ವೇದಿಕೆಯ ಮುಂದೆ, ಜನಕ್ಕೆ ಬೆನ್ನು ಹಾಕಿ, ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಕೂರುತ್ತಿದ್ದರು. ಚಪ್ಪಾಳೆ ಬೀಳುತ್ತಿದ್ದುದು ಮೇಲೆ ನಿಂತವರಿಗೆ. ಮೇಷ್ಟ್ರ ಮುಖ ಆ ಹೊತ್ತಿಗೆ ಪೆಟ್ಟಿಗೆಯ ಮೇಲೆ ಬಗ್ಗಿರುತ್ತಿತ್ತು.

ನಾನು ಆಗ ಗುಬ್ಬಿಯಲ್ಲಿ ಪೈಪು, ಪಂಪಿನ ಅಂಗಡಿ ಇಟ್ಟಿದ್ದೆ. ಸೈಕಲ್ಲಿನ ಮೇಲೆ ಪೈಪು ಕಟ್ಟಿಕೊಂಡು ಚೇಳೂರಿನ ತನಕ ಮಾರಿದವನು, ಬೋರ್ಡು ಹಾಕಿಕೊಂಡು ಗಲ್ಲಾದ ಹಿಂದೆ ಕೂರುವಂತಾಗಿದ್ದೆ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರು ತಾಲೂಕಿನಲ್ಲಿ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಹುಟ್ಟಿದೂರಿನವರು ನಾಟಕ ಹಿಡಿದಾಗ ನನ್ನನ್ನೂ ಕರೆದರು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು: ಈ ನಾಟಕಗಳಲ್ಲಿ ಪಾತ್ರಧಾರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಪಾತ್ರಧಾರಿಯೇ ಕೊಟ್ಟು ಪಾತ್ರ ತೆಗೆದುಕೊಳ್ಳಬೇಕು. ಹಾಡು ಹೆಚ್ಚಿದ್ದಷ್ಟೂ ಪಾತ್ರ ದುಬಾರಿ. ಎಲ್ಲಕ್ಕಿಂತ ದುಬಾರಿ, ಕಿರೀಟಕ್ಕೆ ನವಿಲುಗರಿ ಇರುವ ದೇವರ ಪಾತ್ರ. ನಾನು ಕೇಳಿದ್ದು ಅದನ್ನೇ. ಕೊಡುವವನು ನಾನು, ಬೇಡ ಎನ್ನುವವರು ಯಾರು?

ನನಗೆ ಹಾಡಲು ಬರುವುದಿಲ್ಲ ಎಂಬುದು ಮೊದಲ ದಿನವೇ ಮೇಷ್ಟ್ರಿಗೆ ಗೊತ್ತಾಯಿತು. ಪೆಟ್ಟಿಗೆಯ ಮೇಲೆ ಬೆರಳಿಟ್ಟು, “ಇಲ್ಲಿಗೆ ಬನ್ನಿ ಸಾಹುಕಾರ್ರೇ” ಎನ್ನುವರು. ನಾನು ಎಲ್ಲಿಗೋ ಹೋಗಿರುತ್ತಿದ್ದೆ.

“ಮೇಷ್ಟ್ರೇ, ಶ್ರುತಿ ಒಸಿ ಕೆಳಗಿಳಿಸಿ. ಒಂದು ಮನೆ ಇಳಿಸಿದ್ರೆ ನಿಮ್ಗೇನ್ ಲಾಸು?” ಎಂದು ಅಲ್ಲೂ ಚೌಕಾಸಿಗೆ ಇಳಿದೆ.

“ಇಳಿಸ್ಬೋದು ಸ್ವಾಮಿ. ನಿಮ್ ದನಿ ಆಗ ನೆಲದೊಳಕ್ಕೆ ಹೋಯ್ತದೆ. ಅದುನ್ ಎತ್ತಕ್ಕೆ ನಿಮ್ ಅಂಗಡೀಲಿರೋ ಪಂಪೇ ಬೇಕಾಯ್ತದೆ.”

ತಾಲೀಮು ನಡೆಯುತ್ತಿದ್ದ ಶಾಲೆಯ ಕೊಠಡಿ ತುಂಬ ನಗು. ನಾನೂ ನಕ್ಕೆ. ಎಲ್ಲರೂ ಹೋದ ಮೇಲೆ ಮೇಷ್ಟ್ರು ಪೆಟ್ಟಿಗೆ ಮುಚ್ಚುತ್ತಾ ಮೆಲ್ಲಗೆ, “ಹೆದರ್ಕೋಬೇಡಿ. ನೀವು ಅರ್ಧ ದಾರಿ ಬನ್ನಿ, ಇನ್ನರ್ಧ ನಾನ್ ಬರ್ತೀನಿ” ಎಂದರು.

ಅದರ ಅರ್ಥ ನಾಟಕದ ದಿನ ತಿಳಿಯಿತು. ದೊಡ್ಡ ಹಾಡಿನ ಮೇಲಿನ ಸ್ವರಕ್ಕೆ ಬಂದಾಗ ನನ್ನ ಗಂಟಲು ಕೈಕೊಟ್ಟಿತು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಮೇಷ್ಟ್ರು ತಲೆ ಎತ್ತದೆಯೇ ಸ್ವರವನ್ನು ಎತ್ತಿಕೊಂಡರು. ಮೈಕ್‌ಸೆಟ್ಟಿನ ಹಾರನ್ನುಗಳಲ್ಲಿ ಒಂದು ದನಿ ನಿಂತದ್ದು ಎಲ್ಲಿ, ಇನ್ನೊಂದು ಶುರುವಾದದ್ದು ಎಲ್ಲಿ ಎಂದು ಊರಿಗೆ ತಿಳಿಯಲಿಲ್ಲ. “ಒನ್ಸ್ ಮೋರ್!” ಎಂದು ಕೂಗು ಬಿತ್ತು. ಭಾವಮೈದ ವೇದಿಕೆಗೆ ಹತ್ತಿ ಹಾರ ಹಾಕಿದ. ಮತ್ತೆ ಹಾಡಿದೆ... ಅಂದರೆ ಮತ್ತೆ ಮೇಷ್ಟ್ರು ಹಾಡಿದರು.

ಇನ್ನು ವಿಡಿಯೋದ ವಿಷಯ. ಮನೆಯಲ್ಲಿ ಕೂತು ನಾಟಕ ನೋಡುವ ಆಸೆ ಆಗ ಎಲ್ಲರಿಗೂ ಹತ್ತಿತ್ತು. ಮದುವೆಗೆ ಬರುತ್ತಿದ್ದ ವಿಡಿಯೋದವನೇ ನಾಟಕಕ್ಕೂ ಬರುತ್ತಿದ್ದ. ಅವನು ಮೊದಲೇ ಹೇಳಿದ್ದ: “ಅಣ್ಣ, ಮೈಕ್‌ಸೆಟ್ಟಿಂದ ಒಂದು ವೈರ್ ಎಳ್ಕೊಂಡ್ರೆ ದನಿ ಚೆನ್ನಾಗಿ ಬರ್ತದೆ. ಅದುಕ್ಕೆ ಬೇರೆ ಚಾರ್ಜು.”

“ಕ್ಯಾಮೆರಾದಲ್ಲೇ ಮೈಕ್ ಇಲ್ವೇನ್ಲಾ? ನನಗೇ ಟೋಪಿ ಹಾಕ್ತೀಯಾ?” ಎಂದು ಅವನ ಬಾಯಿ ಮುಚ್ಚಿಸಿದೆ. ಸಾಲದ್ದಕ್ಕೆ ಸಲಹೆ ಬೇರೆ ಕೊಟ್ಟೆ: “ಮುಂದೆ ಬಂದು ಮೇಷ್ಟ್ರ ಪಕ್ಕ ಇಟ್ಕೋ. ನನ್ ಮುಖ ಹತ್ರದಿಂದ ಬರ್ಲಿ.”

ಯಾರಾದರೂ ಏನಾದರೂ ರೆಕಾರ್ಡು ಮಾಡಿಸುವುದಿದ್ದರೆ ನನ್ನಿಂದ ಕಲಿಯಿರಿ. ಚಿತ್ರಕ್ಕೆ ಬೇಕಾದರೆ ಚೌಕಾಸಿ ಮಾಡಿ, ದನಿಗೆ ಮಾಡಬೇಡಿ. ಕಣ್ಣಿಗೆ ಎಷ್ಟೋ ಕಾಣದೆ ಹೋಗುತ್ತದೆ. ಆ ಸಣ್ಣ ಮೈಕಿಗೆ ಪಕ್ಕದಲ್ಲಿರುವುದೆಲ್ಲ ಕೇಳುತ್ತದೆ.

ಕ್ಯಾಸೆಟ್ಟು ಬಂದಾಗ ಅಂಗಡಿಯಲ್ಲಿ ಬೇಸಿಗೆಯ ವ್ಯಾಪಾರ. ನಾನೇ ನೋಡಲು ಬಿಡುವಿರಲಿಲ್ಲ. ಹಾಗೇ ಲೋಕಲ್ ಕೇಬಲ್‌ನವನಿಗೆ ಕೊಟ್ಟು, “ಭಾನುವಾರ ಮಧ್ಯಾಹ್ನ ಹಾಕು, ಊರೆಲ್ಲ ನೋಡ್ಲಿ” ಎಂದೆ. ಆ ಭಾನುವಾರ ನಮ್ಮ ಮನೆ ತುಂಬ ನೆಂಟರು. ಟಿವಿಯಲ್ಲಿ ನಾನು ಬಂದೆ, ಕಿರೀಟ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಹಾಡು ಶುರುವಾಯಿತು. ನನ್ನ ದನಿ ದೂರದಲ್ಲೆಲ್ಲೋ ಬಾವಿಯಲ್ಲಿ ಬಿದ್ದವನ ಹಾಗೆ ಕೇಳಿತು. ಆಮೇಲೆ ಮೇಲಿನ ಸ್ವರ. ಮೇಷ್ಟ್ರ ದನಿ ತುಂಬಿಕೊಂಡು, ಸ್ಪಷ್ಟವಾಗಿ, ನಡುಮನೆಯಲ್ಲೇ ಕೂತು ಹಾಡಿದಂತೆ ಬಂತು. ಪರದೆಯ ಮೇಲೆ ನನ್ನ ಬಾಯಿ ಬರಿದೇ ತೆರೆದು ಮುಚ್ಚುತ್ತಿತ್ತು. ಮೇಷ್ಟ್ರು ಮಾತ್ರ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಹೆಂಡತಿ ಕಾಫಿ ತರುವ ನೆಪದಲ್ಲಿ ಎದ್ದು ಹೋದಳು. ಗೋಡೆಯ ಆಚೆ, ರಸ್ತೆಯ ಆಚೆ, ಪ್ರತಿ ಮನೆಯಿಂದಲೂ ಅದೇ ಹಾಡು ಕೇಳಿಸುತ್ತಿತ್ತು.

ಆಗ ಭಾವಮೈದ ಎಂದ: “ಅಲ್ಲಾ, ಈ ಮೇಷ್ಟ್ರು ಭಾವನ್ನ ಹಾಡಕ್ಕೇ ಬುಟ್ಟಿಲ್ವಲ್ಲ! ಒನ್ಸ್ ಮೋರ್ ಬೀಳೋ ಹಾಡಿಗೇ ಬಾಯಿ ಹಾಕವ್ನೆ ಮುದುಕ!”

“ಇಲ್ಲ ಕಣೋ, ನನಗೆ ಗಂಟಲು...” ಎಂದೆ. ನನ್ನ ಮಾತನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರ ಮುಖದಲ್ಲೂ ಬದುಕಿಕೊಂಡೆವು ಎಂಬ ಕಳೆ. ನಗುವುದು ಯಾರನ್ನು ಎಂದು ತಿಳಿಯದೆ ಕೂತಿದ್ದವರಿಗೆ ಒಬ್ಬ ಸಿಕ್ಕಿದ್ದ.

ವಾರದೊಳಗೆ ಆ ಮಾತೇ ಸತ್ಯವಾಗಿ ಸುತ್ತ ಹಬ್ಬಿತು. ಪಕ್ಕದೂರಿನವರು ತಮ್ಮ ನಾಟಕಕ್ಕೆ ಮೇಷ್ಟ್ರಿಗೆ ವೀಳ್ಯ ಕೊಟ್ಟು ಗೊತ್ತು ಮಾಡಿದ್ದರು. ಆ ವರ್ಷ ಅವರ ಕೈಲಿದ್ದ ಕೆಲಸ ಅದೊಂದೇ. ಆ ಊರವರು ಹೇಳಿಕಳಿಸಿದರಂತೆ, ವೀಳ್ಯ ಹಿಂದಕ್ಕೆ ಕೊಡಿ ಎಂದು.

ಮೇಷ್ಟ್ರು ಅಂಗಡಿಗೆ ಬಂದರು. ನನ್ನನ್ನು ಬೈಯಲು ಬಂದಿದ್ದಾರೆ ಎಂದುಕೊಂಡು ಕುರ್ಚಿ ಹಾಕಿಸಿದೆ. ಅವರು ಕೂರಲಿಲ್ಲ.

“ನನ್ನಿಂದ ನಿಮಗೆ ಅವಮಾನ ಆಯ್ತು ಸಾಹುಕಾರ್ರೇ. ಪಕ್ಕದಲ್ಲಿ ಕ್ಯಾಮೆರಾ ಇದ್ದುದ್ದು ನೋಡಿ ನಾನು ದನಿ ತಗ್ಗಿಸ್ಬೇಕಿತ್ತು” ಎಂದು ಕೈ ಮುಗಿದರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕೈ ಮುಗಿಯಬೇಕಾದವನು ನಾನು. ಈಗ ಬರೆಯುವಾಗಲೂ ಆ ಮುಗಿದ ಕೈಗಳು ಎದುರಿಗೆ ಬರುತ್ತವೆ, ನೋಡಲು ಆಗುವುದಿಲ್ಲ...

ಅವತ್ತೇ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಊರಿಗೆ ಹೋದೆ. ಮುರಿದ ಎಷ್ಟೋ ವ್ಯಾಪಾರ ಕೂಡಿಸಿದವನು, ಇದನ್ನೂ ಕೂಡಿಸುತ್ತೇನೆ ಎಂಬ ಧೈರ್ಯ. ಮಧ್ಯಾಹ್ನದ ಹೊತ್ತು, ಅರಳಿಕಟ್ಟೆಯ ಮೇಲೆ ಜನ ಕೂತಿದ್ದರು. ನಾಟಕದ ಉಸ್ತುವಾರಿ ಹೊತ್ತಿದ್ದ ಯಜಮಾನ ನನ್ನ ಅಂಗಡಿಯ ಗಿರಾಕಿಯೇ.

“ನೋಡ್ರಪ್ಪಾ, ನನಗೆ ಹಾಡಕ್ಕೆ ಬರಲ್ಲ. ಅವತ್ತು ನನ್ ಮಾನ ಉಳ್ಸಿದ್ದು ಮೇಷ್ಟ್ರು. ಅವ್ರದೇನೂ ತಪ್ಪಿಲ್ಲ” ಎಂದೆ.

ಯಜಮಾನ ತಲೆದೂಗಿದ. “ದೊಡ್ ಮನ್ಸು ಕಣ್ರಪ್ಪ ಸಾಹುಕಾರ್ರದು. ತಮ್ ಹಾಡು ನುಂಗಿದೋರ್ನೇ ವಹಿಸ್ಕೊಂಡು ಬಂದವ್ರೆ.”

“ಅಯ್ಯೋ, ದೊಡ್ಡ ಮನಸ್ಸೂ ಇಲ್ಲ ಏನೂ ಇಲ್ಲ ಮಾರಾಯ! ನಿಜ ಹೇಳ್ತಿದೀನಿ. ಬೇಕಾದ್ರೆ ಇಲ್ಲೇ ಹಾಡ್ತೀನಿ, ಕೇಳ್ಕಳಿ.”

ಆ ಊರಿನ ಪೆಟ್ಟಿಗೆ ತರಿಸಿದೆ. ಮೇಷ್ಟ್ರು ಬೇಡ ಎಂದು ಕಣ್ಣಲ್ಲೇ ಹೇಳಿದರು. ನಾನು ಬಿಡಲಿಲ್ಲ. ಅವರು ನುಡಿಸಿದರು, ನಾನು ಅದೇ ಹಾಡು ಎತ್ತಿದೆ. ಎರಡು ಸಾಲಿಗೇ ಕಟ್ಟೆಯ ಮೇಲೆ ನಗು ಎದ್ದಿತು. ಒಬ್ಬ, “ಬೇಕೂಂತ್ಲೇ ಕೆಡುಸ್ತಾವ್ರೆ ಕಣ್ಲಾ! ಆಕ್ಟಿಂಗು ನೋಡು ಆಕ್ಟಿಂಗು!” ಎಂದ. ಇನ್ನೊಬ್ಬ ಸಿಳ್ಳೆ ಹಾಕಿದ. ಇರಲಿ, ಮೇಲಿನ ಸ್ವರಕ್ಕೆ ಬರಲಿ, ಆಗ ಇವರಿಗೇ ತಿಳಿಯುತ್ತದೆ ಎಂದುಕೊಂಡು ಹಾಡುತ್ತಾ ಹೋದೆ. ಬಂತು. ಗಂಟಲು ಒಡೆಯಿತು. ಬಾಯಿ ತೆರೆದು ನಿಂತೆ. ಅಷ್ಟೇ ಬೇಕಿದ್ದುದು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಸಾಕಿತ್ತು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಒಬ್ಬ ಮನುಷ್ಯ ಹತ್ತು ಜನರೆದುರು ಬಾಯಿ ತೆರೆದು ನಿಂತಿರುವುದನ್ನು ನೋಡಿಕೊಂಡು ಕೂರುವುದು ಅವರಿಂದ ಆಗದ ಕೆಲಸ. ಪೆಟ್ಟಿಗೆಯ ಮೇಲೆ ತಲೆ ಬಗ್ಗಿಸಿ ಸ್ವರ ಎತ್ತಿಕೊಂಡೇಬಿಟ್ಟರು.

“ನೋಡ್ರಲಾ, ನೋಡ್ರಲಾ! ಇಲ್ಲೂ ಬುಡ್ಲಿಲ್ಲ!”

ಕಟ್ಟೆಯೇ ಕುಲುಕಾಡುವಷ್ಟು ನಗು. ಮೇಷ್ಟ್ರು ಕೈ ತೆಗೆದರು. ಒತ್ತಿದ ಗಾಳಿಯೆಲ್ಲ ಹೋಗುವ ತನಕ ಪೆಟ್ಟಿಗೆ ಸಣ್ಣಗೆ ಸುಯ್ಯೆಂದಿತು. ಜುಬ್ಬದ ಜೇಬಿನಿಂದ ವೀಳ್ಯದ ಪೊಟ್ಟಣ ತೆಗೆದು ಯಜಮಾನನ ಮುಂದಿಟ್ಟರು. ಎಲೆ ಒಣಗಿ ಹೋಗಿತ್ತು. ಯಜಮಾನ ನನ್ನ ಕಡೆ ತಿರುಗಿ, “ನಮ್ ನಾಟ್ಕುಕ್ಕೆ ದೀಪ ಹಚ್ಚಕ್ಕೆ ನೀವೇ ಬರ್ಬೇಕು ಸಾಹುಕಾರ್ರೇ” ಎಂದ. ಕಟ್ಟೆಯವರು ಚಪ್ಪಾಳೆ ತಟ್ಟಿದರು. ಬರಲ್ಲ ಎಂದೆ. ಅದನ್ನೂ ದೊಡ್ಡ ಮನಸ್ಸಿಗೇ ಸೇರಿಸಿಕೊಂಡರು.

ದಾರಿಯಲ್ಲಿ ಹಿಂದೆ ಕೂತಿದ್ದ ಮೇಷ್ಟ್ರು ಒಂದೇ ಮಾತು ಆಡಿದರು: “ಅಭ್ಯಾಸ ಸ್ವಾಮಿ. ಬಾಯಿಗೆ ಬಂದ್ಬುಡ್ತು.” ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದೆ. ಕುಣಿಗಲ್ ಬಸ್ಸಿನ ಕಿಟಕಿಯಿಂದ ಕೈ ಬೀಸಿದರು. ಆಮೇಲೆ ನಮ್ಮ ಕಡೆಯ ಯಾವ ಊರೂ ಅವರನ್ನು ಕರೆಯಲಿಲ್ಲ. ಕುಣಿಗಲ್‌ನಲ್ಲೇ ಒಂದು ಭಜನೆ ಮಂಡಳಿಗೆ ನುಡಿಸಿಕೊಂಡಿದ್ದಾರೆ ಎಂದು ಕೇಳಿದೆ. ಕೆಲವು ವರ್ಷಕ್ಕೆ ತೀರಿಹೋದರು ಎಂದೂ ಕೇಳಿದೆ. ನನ್ನ ಹೆಸರು ಮಾತ್ರ ಸುತ್ತ ಹಳ್ಳಿಗಳಲ್ಲಿ ಬೆಳೆಯಿತು. ಪಂಪು ಕೊಳ್ಳಲು ಬಂದವರು ಬೆಲೆ ಮಾತಾಡುವ ಮೊದಲು, “ಮೇಷ್ಟ್ರುನ್ನ ವಹಿಸ್ಕೊಂಡೋರು ನೀವೇ ಅಲ್ವಾ?” ಎನ್ನುವರು. ಆಗ ಅಂಗಡಿಯೊಳಗೆ ಯಾವುದಾದರೂ ಸಾಮಾನು ಹುಡುಕಲು ಹೋಗುತ್ತಿದ್ದೆ.

ಕ್ಯಾಸೆಟ್ಟು ಸಿಕ್ಕ ಮೇಲೆ ತುಮಕೂರಿನ ಒಂದು ಸ್ಟುಡಿಯೋಗೆ ಕೊಟ್ಟೆ, ಪೆನ್‌ಡ್ರೈವಿಗೆ ಹಾಕಿಸಲು. ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ. ಅವನು ಬೇಸರದಿಂದ ಹೇಳಿದ: “ಸಾರ್, ಬೂಷ್ಟು ಹಿಡಿದು ಚಿತ್ರ ಪೂರ್ತಿ ಹೋಗಿದೆ. ಬರೀ ಗೆರೆ. ದನಿ ಮಾತ್ರ ಬಂದಿದೆ.” ಕಿರೀಟ, ನವಿಲುಗರಿ, ನನ್ನ ಬಾಯಿ... ಒಂದೂ ಉಳಿದಿಲ್ಲ.

ಮೇಷ್ಟ್ರ ಮಗಳು ಈಗ ತುಮಕೂರಿನಲ್ಲೇ, ಉಪ್ಪಾರಹಳ್ಳಿಯಲ್ಲಿದ್ದಾಳೆ. ಗಂಡನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ವಿಚಾರಿಸಿಕೊಂಡು ಹೋಗಿ, ಯಾರೆಂದು ಹೇಳಿಕೊಂಡು, ಪೆನ್‌ಡ್ರೈವು ಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡೇ ನಿಂತಳು. “ಎಷ್ಟೊಂದು ನಾಟಕದ ಕ್ಯಾಸೆಟ್ಟು ಹುಡುಕ್ಸಿದ್ವಿ ಅಣ್ಣ. ಎಲ್ಲಾದ್ರಲ್ಲೂ ಪೆಟ್ಟಿಗೆ ಕೇಳುತ್ತೆ, ಅಪ್ಪ ಕೇಳಲ್ಲ.”

ಟಿವಿಗೆ ಹಾಕಿದಳು. ಪರದೆಯ ಮೇಲೆ ಬೂದು ಗೆರೆಗಳು ಓಡಿದವು. ದೊಡ್ಡ ಹಾಡು ಬಂತು. ಅವತ್ತು ನಡುಮನೆಯ ಗದ್ದಲದಲ್ಲಿ ನನ್ನ ಕಿವಿಗೆ ಬೀಳದಿದ್ದ ಒಂದು ಮಾತು ಈಗ ಕೇಳಿಸಿತು. ಮೇಲಿನ ಸ್ವರಕ್ಕೆ ಮುಂಚೆ, ಪೆಟ್ಟಿಗೆಯ ಸದ್ದಿನ ನಡುವೆ, ಪಿಸುದನಿಯಲ್ಲಿ ಮೇಷ್ಟ್ರು: “ಉಸುರು ತಗಳಿ ಸ್ವಾಮಿ... ಉಸುರು... ಹ್ಞಾಂ, ನಾನಿದೀನಿ.” ಆಮೇಲೆ ಅವರ ದನಿ ಎದ್ದಿತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ, “ಇದ್ರಲ್ಲಿ ನೀವು ಹಾಡೋದು ಎಲ್ಲಿ ಬರುತ್ತೆ ಅಣ್ಣ?” ಎಂದಳು.

“ಬರಲ್ಲ ಕಣಮ್ಮ. ನನಗೆ ಹಾಡಕ್ಕೆ ಬರಲ್ಲ.”

“ಸರಿ” ಎಂದು ತಲೆಯಾಡಿಸಿ ಮತ್ತೆ ಮೊದಲಿನಿಂದ ಹಾಕಿದಳು. ಇಷ್ಟು ವರ್ಷದಲ್ಲಿ ನನ್ನ ಆ ಮಾತನ್ನು ಹೇಳಿದ ಬೆಲೆಗೇ ಒಪ್ಪಿಕೊಂಡವಳು ಅವಳೊಬ್ಬಳು. ಖುಷಿಯಾಗಬೇಕಿತ್ತು. ಅವಳು ಕೊಟ್ಟಿದ್ದ ಟೀ ಲೋಟ ನೋಡುತ್ತಾ ಕೂತೆ. ಗೆರೆಗಳ ಹಿಂದಿನಿಂದ ಮೇಷ್ಟ್ರು ಮತ್ತೆ, ಉಸುರು ತಗಳಿ ಸ್ವಾಮಿ, ಎಂದರು. ತಲೆ ಬಗ್ಗಿಸಿಕೊಂಡೇ ಉಸಿರು ತೆಗೆದುಕೊಂಡೆ. ಮುಂದೆ ಹೇಳಬೇಕಿದ್ದುದನ್ನು ಎತ್ತಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.